ಬೇಲಿ ಹಾಕಿಸುವ ಮುನ್ನ: ಓದುಗರ ಪ್ರಶ್ನೆ, ಕಸುಬಿನವರ ಉತ್ತರ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಹೊಲಗಳು ಸೈಟುಗಳಾಗುತ್ತಿವೆ, ಸೈಟುಗಳ ಪಕ್ಕದಲ್ಲೇ ಗೋದಾಮುಗಳು ಏಳುತ್ತಿವೆ. ಜಮೀನು ಯಾರದ್ದೇ ಆಗಲಿ, ಮೊದಲು ಬೇಕಾಗುವುದು ಬೇಲಿ. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಅದರ ಬಗ್ಗೆಯೇ ಇದ್ದವು. ಕಂಬ ನೆಡುವ, ತಂತಿ ಎಳೆಯುವ, ಗೇಟು ಕೂರಿಸುವ ಕೆಲಸವನ್ನೇ ಕಸುಬು ಮಾಡಿಕೊಂಡವರಿಂದ ಉತ್ತರ ಬರೆಸಿದ್ದೇವೆ.

ಪ್ರಶ್ನೆ: ಒಂದು ಎಕರೆ ಹೊಲಕ್ಕೆ ಕಲ್ಲು ಕಂಬ, ಮುಳ್ಳುತಂತಿ ಹಾಕಿಸಬೇಕು. ಕಂಟ್ರಾಕ್ಟರ್ ರನ್ನಿಂಗ್ ಫೀಟ್ ಲೆಕ್ಕದಲ್ಲಿ ಒಂದು ರೇಟು ಹೇಳಿ ಸುಮ್ಮನಾಗಿದ್ದಾರೆ. ಎಷ್ಟು ಕಂಬ, ಎಷ್ಟು ಕಿಲೋ ತಂತಿ ಬೇಕು ಅನ್ನೋದನ್ನ ನಾವೇ ಲೆಕ್ಕ ಹಾಕೋದು ಹೇಗೆ? — ರೈತರೊಬ್ಬರು, ದೊಡ್ಡಬಳ್ಳಾಪುರ ತಾಲ್ಲೂಕು

ಮೊದಲು ಸುತ್ತಳತೆ ತೆಗೆಯಿರಿ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರಡಿ. ಚೌಕವಾಗಿದ್ದರೆ ಒಂದೊಂದು ಬದಿ ಸುಮಾರು 209 ಅಡಿ, ಸುತ್ತಳತೆ 836 ಅಡಿ. ಅದೇ ಎಕರೆ 100 ಅಡಿ ಅಗಲದ ಉದ್ದನೆಯ ಪಟ್ಟಿಯಾಗಿದ್ದರೆ ಸುತ್ತಳತೆ 1,070 ಅಡಿ ದಾಟುತ್ತದೆ. ಹಾಗಾಗಿ ‘ಎಕರೆಗೆ ಇಷ್ಟು’ ಎಂದು ಯಾರಾದರೂ ಮೊತ್ತ ಹೇಳಿದರೆ ಒಪ್ಪಬೇಡಿ. ಟೇಪು ಹಿಡಿದು ಅಳೆಸಿ.

ಚೌಕ ಎಕರೆಯದ್ದೇ ಲೆಕ್ಕ ನೋಡೋಣ. ಗೇಟಿಗೆ 12 ಅಡಿ ಬಿಟ್ಟರೆ ಉಳಿಯುವುದು 824 ಅಡಿ. ಹತ್ತಡಿಗೊಂದು ಕಂಬದಂತೆ, ಗೇಟಿನ ಎರಡೂ ಸೇರಿ, ಸುಮಾರು 85 ಕಂಬ. ಇದರ ಮೇಲೆ ಕಂಬಕ್ಕೆ ಓರೆಯಾಗಿ ಆನಿಸುವ ಸಪೋರ್ಟ್ ಕಲ್ಲುಗಳು: ನಾಲ್ಕು ಮೂಲೆಗೆ ಎರಡೆರಡರಂತೆ 8, ತಂತಿ ಬಿಗಿಯಲು ಪ್ರತಿ ಬದಿಯ ನಡುವೆ ಬರುವ ಎಳೆತದ ಕಂಬಕ್ಕೆ ಎರಡೆರಡರಂತೆ 8, ಗೇಟಿನ ಕಂಬಗಳಿಗೆ 2. ಒಟ್ಟು 103. ಇಳಿಸುವಾಗ ಮುರಿಯುವ ಲೆಕ್ಕಕ್ಕೆ ನಾಲ್ಕು ಸೇರಿಸಿ. ರೇಟು ಕಡಿಮೆ ಹೇಳುವವರು ಬಹಳಷ್ಟು ಸಲ ಕೈಬಿಡುವುದು ಈ 18 ಸಪೋರ್ಟ್ ಕಲ್ಲುಗಳನ್ನೇ.

ಸಾಲು ಕಂಬ 7 ಅಡಿಯದ್ದಿರಲಿ. 2 ಅಡಿ ಒಳಗೆ, 5 ಅಡಿ ಹೊರಗೆ. ಮೂಲೆ, ಗೇಟು ಮತ್ತು ನಡುವಿನ ಎಳೆತದ ಕಂಬಗಳು 8 ಅಡಿಯವು, 3 ಅಡಿ ಒಳಗೆ. 6 ಇಂಚು ಅಗಲ, 4 ಇಂಚು ದಪ್ಪದ ಏಳಡಿ ಕಲ್ಲು ಸುಮಾರು 88 ಕಿಲೋ ತೂಗುತ್ತದೆ. ಟ್ರಾಕ್ಟರ್ ಟ್ರೇಲರಿಗೆ ನಲವತ್ತರ ಸುಮಾರು ಹೇರಿದರೆ ಸಾಕು. ಇಳಿಸುವಾಗ ಒಂದೊಂದನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ಸದ್ದು ಮಂಕಾಗಿರುತ್ತದೆ. ಅದನ್ನು ಅಲ್ಲೇ ವಾಪಸ್ ಕಳಿಸಿ. ನೆಟ್ಟ ಮೇಲೆ ತಂತಿ ಎಳೆಯುವಾಗ ಮುರಿದರೆ ಗುಣಿಯೂ ಹಾಳು, ಕಾಂಕ್ರೀಟೂ ಹಾಳು.

ಐದು ಸಾಲು ತಂತಿಗೆ 4,120 ಅಡಿ, ಅಂದರೆ 1,256 ಮೀಟರ್ ಬೇಕು. 12×14 ಗೇಜಿನ (ಎಳೆ 12, ಮುಳ್ಳು 14 ಗೇಜ್) ಮುಳ್ಳುತಂತಿ ಕಿಲೋಗೆ ಸುಮಾರು 7 ಮೀಟರ್ ಬರುತ್ತದೆ. ಹಾಗಾಗಿ 180 ಕಿಲೋ, ಸುತ್ತು ಗಂಟುಗಳಿಗೆಲ್ಲ ಸೇರಿಸಿ 190 ಕಿಲೋ ಹಿಡಿಯಿರಿ. ಸಾಲುಗಳನ್ನು ಸಮ ಅಂತರದಲ್ಲಿ ಕಟ್ಟಬೇಡಿ. ನೆಲದಿಂದ 6, 16, 28, 42, 56 ಇಂಚಿಗೆ ಕಟ್ಟಿದರೆ ಕೆಳಗೆ ಒತ್ತಾಗಿರುತ್ತದೆ. ಕುರಿ, ನಾಯಿ, ಹಂದಿ ನುಗ್ಗುವುದು ಕೆಳಗಿನಿಂದಲೇ.

ಸಿಮೆಂಟು: ಒಂದಡಿ ಚೌಕ, ಎರಡಡಿ ಆಳದ ಗುಣಿಗೆ 1:3:6 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್ ಹಾಕಿದರೆ ಮೂಟೆಗೆ ಐದು ಗುಣಿ ತುಂಬುತ್ತವೆ. ಒಂದೂವರೆ ಅಡಿ ಚೌಕ, ಮೂರಡಿ ಆಳದ ಮೂಲೆ ಗುಣಿಯೊಂದಕ್ಕೆ ಮುಕ್ಕಾಲು ಮೂಟೆ ಬೇಕು. ಎಲ್ಲ ಗುಣಿಗೂ ಕಾಂಕ್ರೀಟಾದರೆ ಒಟ್ಟು 28 ಮೂಟೆ. ಕೈಲಾಗದಿದ್ದರೆ ಮೂಲೆ, ಗೇಟು, ಎಳೆತದ ಕಂಬ ಮತ್ತು ಸಪೋರ್ಟ್ ಕಲ್ಲುಗಳಿಗಷ್ಟೇ ಹಾಕಿಸಿ, 12 ಮೂಟೆಯಲ್ಲಿ ಮುಗಿಯುತ್ತದೆ. ಗಟ್ಟಿ ಕೆಂಪು ಗರಸು ನೆಲದಲ್ಲಿ ಸಾಲು ಕಂಬದ ಸುತ್ತ ದಪ್ಪ ಜಲ್ಲಿ, ಮಣ್ಣು ಪದರಪದರವಾಗಿ ಹಾಕಿ ಹಾರೆಯಿಂದ ಚೆನ್ನಾಗಿ ಗುದ್ದಿಸಿದರೆ ನಿಲ್ಲುತ್ತದೆ. ಅರ್ಧ ಅಡಿಗೊಮ್ಮೆ ಗುದ್ದಬೇಕು. ಪೂರ್ತಿ ತುಂಬಿಸಿ ಮೇಲೊಂದು ಸಲ ಗುದ್ದಿದರೆ ಒಳಗೆ ಪೊಳ್ಳು ಉಳಿಯುತ್ತದೆ.

ಇನ್ನು ಕಟ್ಟುತಂತಿ. 85 ಕಂಬಕ್ಕೆ ಐದೈದು ಕಟ್ಟು, 14 ಗೇಜಿನ ಜಿಐ (ಸತು ಲೇಪಿಸಿದ) ತಂತಿ 8ರಿಂದ 9 ಕಿಲೋ ಸಾಕು. ಇದರಲ್ಲಿ ಕಾಸು ಉಳಿಸಲು ಹೋಗಿ ಸೆಂಟ್ರಿಂಗ್ ಕೆಲಸದ ಕಪ್ಪು ಬೈಂಡಿಂಗ್ ತಂತಿಯಲ್ಲಿ ಕಟ್ಟುವವರಿದ್ದಾರೆ. ಅದಕ್ಕೆ ಸತುವಿನ ಲೇಪನವೇ ಇಲ್ಲ. ಮಳೆಗಾಲ ಒಂದೆರಡು ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಕಳಚಿಕೊಳ್ಳುತ್ತದೆ. ಮುಳ್ಳುತಂತಿ ಹೊಸದರಂತೆ ಹೊಳೆಯುತ್ತಿರುತ್ತದೆ, ಸಾಲು ಮಾತ್ರ ನೆಲಕ್ಕೆ ಬಿದ್ದಿರುತ್ತದೆ.

ಪ್ರಶ್ನೆ: ಬೇಲಿ ಹಾಕಿಸಿ ವರ್ಷ ತುಂಬಿಲ್ಲ. ಮೂಲೆ ಕಂಬಗಳು ಒಳಕ್ಕೆ ವಾಲಿವೆ, ತಂತಿ ಜೋತು ಬಿದ್ದಿದೆ. ಹೊಸ ತಂತಿ ಹಾಕಿಸಬೇಕೇ? — ನೆಲಮಂಗಲ

ತಂತಿಯದ್ದು ತಪ್ಪಿಲ್ಲ, ಅದನ್ನು ಬದಲಾಯಿಸಿದರೆ ಮತ್ತೆ ಹೀಗೇ ಆಗುತ್ತದೆ. ಬೇಲಿಯ ಪೂರ್ತಿ ಎಳೆತ ಬೀಳುವುದು ಮೂಲೆಗಳ ಮೇಲೆ. ನಡುವಿನ ಕಂಬಗಳು ತಂತಿಯನ್ನು ಎತ್ತಿ ಹಿಡಿಯುತ್ತವೆ, ಅಷ್ಟೇ. ಮೂಲೆಯಲ್ಲಿ ಎರಡು ದಿಕ್ಕಿನ ತಂತಿಗಳು ಒಂದೇ ಕಂಬವನ್ನು ಜಗ್ಗುತ್ತವೆ. ಆದ್ದರಿಂದ ಎರಡು ಸಪೋರ್ಟ್ ಕಲ್ಲು ಬೇಕು, ಒಂದೊಂದೂ ಆಯಾ ಬೇಲಿ ಸಾಲಿನ ನೇರದಲ್ಲಿ, ತಂತಿ ಜಗ್ಗುವ ಕಡೆಯಲ್ಲೇ.

ನಿಮ್ಮ ಮೂಲೆಗೆ ಹೋಗಿ ಮೂರು ಸಂಗತಿ ನೋಡಿ. ಮೊದಲನೆಯದು, ಸಪೋರ್ಟ್ ಕಲ್ಲಿನ ತಲೆ ಕಂಬಕ್ಕೆ ಎಲ್ಲಿ ತಾಗಿದೆ? ನೆಲದಿಂದ ಒಂದೂವರೆ–ಎರಡಡಿಗೇ ತಾಗಿದ್ದರೆ ಪ್ರಯೋಜನವಿಲ್ಲ, ಮೇಲಿನ ತಂತಿಗಳು ಕಂಬವನ್ನು ಅದರ ಮೇಲಿಂದಲೇ ಬಗ್ಗಿಸುತ್ತವೆ. ಐದಡಿ ಎತ್ತರದ ಕಂಬಕ್ಕೆ ಮೂರೂವರೆ ಅಡಿಯ ಹತ್ತಿರ ತಾಗಬೇಕು. ಎರಡನೆಯದು, ಬುಡ. ಸಪೋರ್ಟ್ ಕಲ್ಲಿನ ಬುಡವನ್ನು ಬರೀ ಮಣ್ಣಿನ ಮೇಲೆ ಒರಗಿಸಿದ್ದರೆ ಮೊದಲ ಜೋರು ಮಳೆಗೇ ಅದು ಹಿಂದಕ್ಕೆ ಜಾರುತ್ತದೆ. ಒಂದೂವರೆ ಅಡಿ ಗುಣಿ ತೆಗೆದು, ತಳದಲ್ಲಿ ಚಪ್ಪಟೆ ಕಲ್ಲಿಟ್ಟು, ಅದಕ್ಕೆ ಆನಿಸಿ ಕಾಂಕ್ರೀಟ್ ಹಾಕಬೇಕು. ಮೂರನೆಯದು, ಮೂಲೆ ಕಂಬದ ಆಳ. ಓರೆಯಾಗಿ ನಿಂತ ಸಪೋರ್ಟು ಕಂಬವನ್ನು ತಳ್ಳುವುದರ ಜೊತೆಗೆ ಮೇಲಕ್ಕೂ ಎತ್ತುತ್ತದೆ. ಎರಡೇ ಅಡಿ ಆಳದ ಮೂಲೆ ಕಂಬ ವಾಲುವ ಮೊದಲು ಒಂದೆರಡು ಇಂಚು ಮೇಲೆದ್ದಿರುತ್ತದೆ. ಬುಡದ ಮಣ್ಣಿನಲ್ಲಿ ಸುತ್ತಲೂ ಬಿರುಕು ಕಂಡರೆ ಅದೇ ಗುರುತು.

ಸರಿಪಡಿಸುವ ಕ್ರಮ ಹೀಗೆ: ಎರಡೂ ಕಡೆಯ ತಂತಿ ಬಿಚ್ಚಿ, ಮೂಲೆ ಕಂಬ ಕಿತ್ತು, ಮೂರಡಿ ಗುಣಿಯಲ್ಲಿ ಎಂಟಡಿ ಕಂಬ ನೆಡಿ. ತೂಗುಗುಂಡು ಹಿಡಿದು ನೋಡಿ, ಹೊರಕ್ಕೆ ಅರ್ಧ ಇಂಚು ವಾಲಿಸಿದರೂ ಒಳ್ಳೆಯದೇ. ಕಾಂಕ್ರೀಟ್ ಹಾಕಿ ಏಳು ದಿನ ನೀರು ಹಾಕಿ. ಆಮೇಲೆ ತಂತಿ ಎಳೆಯಿರಿ. ಸಂಜೆ ಕಾಂಕ್ರೀಟ್ ಹಾಕಿ ಮರುದಿನ ಬೆಳಗ್ಗೆ ತಂತಿ ಎಳೆಯುವ ಆತುರದಿಂದಲೇ ಎಷ್ಟೋ ಬೇಲಿಗಳು ಕೆಡುತ್ತವೆ. ಕೆಲಸದವರಿಗೆ ಇನ್ನೊಂದು ಸಲ ಬಂದುಹೋಗುವ ಖರ್ಚು ತಪ್ಪುತ್ತದೆ, ನಷ್ಟ ನಿಮ್ಮದಾಗುತ್ತದೆ. ಟ್ರಾಕ್ಟರಿಗೆ ಕಟ್ಟಿ ಎಳೆಯಲಂತೂ ಬಿಡಬೇಡಿ. ಎಷ್ಟು ಬಿಗಿಯಾಯಿತು ಅನ್ನುವುದು ಚಾಲಕನಿಗೆ ತಿಳಿಯುವುದೇ ಇಲ್ಲ. ತಂತಿ ಎಳೆಯುವ ಕೈಜಾಕಿ ಸಿಗುತ್ತದೆ, ಅದರಲ್ಲೇ ಎಳೆಸಿ.

ಹೊಲದ ನಡುವೆ ತಗ್ಗು ಇದ್ದರೆ ಅದನ್ನೂ ಗಮನಿಸಿ. ತಗ್ಗಿನಲ್ಲಿರುವ ಕಂಬವನ್ನು ಬಿಗಿದ ತಂತಿ ಮೇಲಕ್ಕೆಳೆಯುತ್ತದೆ. ಅಲ್ಲಿ ಗುಣಿ ಆಳ ಮಾಡಿ ಕಾಂಕ್ರೀಟ್ ಹಾಕಿಸಿ. ಜೊತೆಗೆ ಒಂದು ದಪ್ಪ ಕಲ್ಲನ್ನು ಎರಡಡಿ ಕೆಳಗೆ ಹೂತು, ಕೆಳಸಾಲಿನ ತಂತಿಯನ್ನು ಜಿಐ ತಂತಿಯಿಂದ ಅದಕ್ಕೆ ಬಿಗಿಸಿ.

ಪ್ರಶ್ನೆ: ನಮ್ಮದು 40×60 ಸೈಟು. ಚೈನ್‌ಲಿಂಕ್ ಮೆಶ್ ಹಾಕಿಸೋಣ ಅಂತಿದ್ದೀವಿ. ಒಬ್ಬರು 12 ಗೇಜ್ ಸಾಕು ಅಂತಾರೆ, ಇನ್ನೊಬ್ಬರು 10 ಗೇಜೇ ಬೇಕು ಅಂತಾರೆ. ಅಂಗಡಿಯವರು ಹೇಳಿದ ಗೇಜು ನಿಜವೋ ಅಲ್ಲವೋ ತಿಳಿಯುವುದು ಹೇಗೆ? — ಗೃಹಿಣಿ, ದೇವನಹಳ್ಳಿ

ಗೇಜಿನ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. 12 ಗೇಜ್ ಅಂದರೆ 2.64 ಮಿಲಿಮೀಟರ್, 10 ಗೇಜ್ ಅಂದರೆ 3.25, 14 ಗೇಜ್ ಅಂದರೆ 2.03. ವರ್ನಿಯರ್ ಕ್ಯಾಲಿಪರ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಮೂರು ನಾಲ್ಕು ಕಡೆ ಹಿಡಿದು ನೋಡಿ. 12 ಗೇಜಿನ ತಂತಿ ಕಾಲು ಮಿಲಿಮೀಟರ್ ಕಡಿಮೆ ಬಂದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಕಬ್ಬಿಣ ಮಾತ್ರ ನೂರಕ್ಕೆ 18 ಪಾಲು ಕಡಿಮೆಯಾಗಿರುತ್ತದೆ.

ತೂಕದಿಂದಲೂ ಹಿಡಿಯಬಹುದು. 5 ಅಡಿ ಎತ್ತರ, 50 ಅಡಿ ಉದ್ದದ, 2 ಇಂಚು ಕಣ್ಣಿನ ರೋಲು 12 ಗೇಜಿನದ್ದಾದರೆ ಸುಮಾರು 42 ಕಿಲೋ, 10 ಗೇಜಿನದ್ದಾದರೆ 63 ಕಿಲೋ ತೂಗಬೇಕು. 35 ಕಿಲೋ ಬಂದರೆ ಅದು 12 ಗೇಜ್ ಅಲ್ಲ. ಆದರೆ ತೂಕ ನೋಡುವಾಗ ಕಣ್ಣಿನ ಅಳತೆಯನ್ನೂ ನೋಡಲೇಬೇಕು. 3 ಇಂಚು ಕಣ್ಣಿನ 10 ಗೇಜ್ ರೋಲು, 2 ಇಂಚು ಕಣ್ಣಿನ 12 ಗೇಜ್ ರೋಲು, ಎರಡೂ ಹೆಚ್ಚುಕಡಿಮೆ ಒಂದೇ ತೂಕ. ನಾಯಿಮರಿ, ಹಾವು, ಹೆಗ್ಗಣದ ಕಾಟವಿರುವ ಮನೆ ಸೈಟಿಗೆ ಸಣ್ಣ ಕಣ್ಣಿನದ್ದು ಅನುಕೂಲ. ಹಾವನ್ನು ಪೂರ್ತಿ ತಡೆಯುತ್ತದೆ ಎಂದು ಮಾತ್ರ ನಂಬಬೇಡಿ. ನಿಮಗೆ 2 ಇಂಚಿನ 12 ಗೇಜ್ ಸಾಕು, ಅದು ನಿಜವಾದ 12 ಆಗಿರಬೇಕು, ಅಷ್ಟೇ. ಬಿಲ್ಲಿನಲ್ಲಿ ಗೇಜಿನ ಬದಲು ಮಿಲಿಮೀಟರ್ ಬರೆಸಿ, ಭಾರತೀಯ ಮಾನಕ ಐಎಸ್ 2721 ಪ್ರಕಾರದ ಮಾಲು ಎಂದೂ ಬರೆಸಿ. ಹಸಿರು ಪ್ಲಾಸ್ಟಿಕ್ ಹೊದಿಸಿದ ಮೆಶ್ ತೆಗೆದುಕೊಳ್ಳುವುದಾದರೆ ತುದಿಯಲ್ಲಿ ಪ್ಲಾಸ್ಟಿಕ್ ಸುಲಿದು ಒಳಗಿನ ತಂತಿಯನ್ನು ಅಳೆಯಿರಿ. ಹೊರಗಿನಿಂದ 3 ಮಿಲಿಮೀಟರ್ ತೋರಿದರೂ ಒಳಗೆ 2 ಮಾತ್ರ ಇರಬಹುದು.

ನಿಮ್ಮ ಸೈಟಿನ ಸುತ್ತಳತೆ 200 ಅಡಿ, ಗೇಟಿಗೆ 10 ಅಡಿ ಬಿಟ್ಟರೆ 190. ಐವತ್ತಡಿಯ ನಾಲ್ಕು ರೋಲು. ಎಂಟಡಿಯೊಳಗೆ ಒಂದರಂತೆ 26 ಕಂಬ, 10 ಸಪೋರ್ಟು. ಕಂಬಕ್ಕೆ 40×40×5 ಮಿಲಿಮೀಟರಿನ ಕಬ್ಬಿಣದ ಆಂಗಲ್ ಸಾಕು, ಎಂಟಡಿಯ ತುಂಡಿಗೆ 7.3 ಕಿಲೋ. ಮೂಲೆ ಮತ್ತು ಗೇಟಿಗೆ 50×50×6, ಅದು 11 ಕಿಲೋ. ಆಂಗಲ್ಲಿನ ಕೆಳತುದಿಗೆ ಅರ್ಧ ಅಡಿ ಕಂಬಿ ಅಡ್ಡಲಾಗಿ ವೆಲ್ಡ್ ಮಾಡಿಸಿ, ಕಾಂಕ್ರೀಟಿನೊಳಗೆ ತಿರುಗದೆ ಹಿಡಿದುಕೊಳ್ಳುತ್ತದೆ. ನೆಡುವ ಮೊದಲೇ ರೆಡ್ ಆಕ್ಸೈಡ್ ಬಳಿಸಿ. ಕಾಂಕ್ರೀಟಿನ ತಲೆಯನ್ನು ನೆಲದಿಂದ ಎರಡಿಂಚು ಮೇಲಕ್ಕೆ ತಂದು ಸುತ್ತಲೂ ಇಳಿಜಾರು ಕೊಡಿಸಿ. ಕಬ್ಬಿಣದ ಕಂಬ ಮೊದಲು ತುಕ್ಕು ಹಿಡಿಯುವುದು ನೆಲಮಟ್ಟದಲ್ಲಿ, ನೀರು ನಿಲ್ಲುವ ಜಾಗದಲ್ಲಿ.

ಮೆಶ್ಶನ್ನು ಕಂಬಕ್ಕೆ ಮಾತ್ರ ಕಟ್ಟಿದರೆ ನಡುವೆ ಜೋಲುತ್ತದೆ. ಮೇಲೆ, ನಡುವೆ, ಕೆಳಗೆ ಮೂರು ಸಾಲು 10 ಗೇಜಿನ ಜಿಐ ತಂತಿಯನ್ನು ಮೊದಲು ಬಿಗಿಸಿ, ಅದಕ್ಕೆ ಒಂದೊಂದು ಅಡಿಗೆ ಕಟ್ಟಬೇಕು. ನಿಮಗೆ 11ರಿಂದ 12 ಕಿಲೋ ತಂತಿ ಬೇಕು. ಮೂಲೆಯಲ್ಲಿ ಮೆಶ್ಶಿನ ಕೊನೆಯ ಕಣ್ಣುಗಳೊಳಗೆ ಕಬ್ಬಿಣದ ಪಟ್ಟಿ ತೂರಿಸಿ, ಪಟ್ಟಿಯನ್ನು ಕಂಬಕ್ಕೆ ಬೋಲ್ಟ್ ಹಾಕಿಸಿ. ಪಟ್ಟಿ ಇಲ್ಲದಿದ್ದರೆ ಎಳೆತವೆಲ್ಲ ನಾಲ್ಕೈದು ಕಣ್ಣುಗಳ ಮೇಲೆ ಬಿದ್ದು ಅವು ಹಿಗ್ಗಿಹೋಗುತ್ತವೆ.

ಪ್ರಶ್ನೆ: ಬೇಲಿ ಹಾಕಲು ಹೋದಾಗ ಪಕ್ಕದ ಹೊಲದವರು ಬಂದು ಒಂದು ಮಾರು ನಮ್ಮದು ಎಂದರು. ಅವರು ನಮ್ಮ ದಾಯಾದಿಗಳೇ. ಪಹಣಿಯಲ್ಲಿ ವಿಸ್ತೀರ್ಣ ಸರಿಯಿದೆ. ಬೇಲಿ ಹಾಕಬಹುದೇ? — ಹೊಸಕೋಟೆ ತಾಲ್ಲೂಕು

ಕೆಲಸ ನಿಲ್ಲಿಸಿ, ಹದ್ದುಬಸ್ತಿಗೆ ಅರ್ಜಿ ಕೊಡಿ. ಪಹಣಿ ನಿಮಗೆ ಎಷ್ಟು ಜಮೀನಿದೆ ಎನ್ನುತ್ತದೆ, ಗಡಿ ಎಲ್ಲಿದೆ ಎನ್ನುವುದಿಲ್ಲ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಟಿಪ್ಪಣಿ, ಆಕಾರಬಂದ್ ದಾಖಲೆ ನೋಡಿ ಅಳೆದು ಗಡಿ ಗುರುತಿಸುತ್ತಾರೆ. ಆ ದಿನ ನಿಮ್ಮ ದಾಯಾದಿಗಳು ಸ್ಥಳದಲ್ಲಿರುವಂತೆ ನೀವೇ ಹೋಗಿ ಕರೆಯಿರಿ. ಎದುರಿಗೇ ಅಳೆದದ್ದನ್ನು ನಾಳೆ ಅಲ್ಲಗಳೆಯುವುದು ಕಷ್ಟ.

ಇನ್ನೊಂದು ಪ್ರಶ್ನೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಪೋಡಿ, ಅಂದರೆ ಸರ್ವೆ ನಂಬರನ್ನು ಪಾಲಿನಂತೆ ಅಳೆದು ಬೇರ್ಪಡಿಸುವುದು, ಆಗಿದೆಯೇ? ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಹೆಸರುಗಳು ಒಟ್ಟಿಗಿದ್ದು ಪೋಡಿಯಾಗದಿದ್ದರೆ ನಿಮ್ಮ ಪಾಲಿನ ಗಡಿ ನಕ್ಷೆಯಲ್ಲೇ ಇರುವುದಿಲ್ಲ, ಹದ್ದುಬಸ್ತಿನಿಂದ ಅದು ಬಗೆಹರಿಯುವುದಿಲ್ಲ. ಮೊದಲು ಪೋಡಿ. ಬಿ ಖರಾಬು ಇದೆಯೇ ಎಂದೂ ನೋಡಿ. ಬಂಡಿದಾರಿ, ಹಳ್ಳ, ಕಾಲುವೆ ಇಂಥವು ಸಾರ್ವಜನಿಕರದ್ದು, ಅದನ್ನು ಸೇರಿಸಿ ಬೇಲಿ ಹಾಕಿದರೆ ಒಂದಲ್ಲ ಒಂದು ದಿನ ತೆಗೆಸುತ್ತಾರೆ.

ಗಡಿ ಗುರುತಾದ ಮೇಲೆ ಪ್ರತಿ ಮೂಲೆಯಿಂದ ಬದಲಾಗದ ಎರಡು ಗುರುತುಗಳಿಗೆ, ಬಾವಿ ಕಟ್ಟೆಗೋ ಮನೆಯ ಮೂಲೆಗೋ, ಇರುವ ದೂರ ಅಳೆದು ಬರೆದಿಡಿ. ಕಂಬಗಳನ್ನು ಗಡಿಯಿಂದ ಅರ್ಧ ಅಡಿ ಒಳಗೆ ನೆಡಿ, ಗುಣಿಯ ಕಾಂಕ್ರೀಟ್ ಕೂಡ ನಿಮ್ಮ ಕಡೆಯೇ ಉಳಿಯಬೇಕು. ಬಾಂದು ಕಲ್ಲನ್ನು ಕೀಳುವುದು, ಸರಿಸುವುದು ಅಪರಾಧ. ಗುಣಿ ತೆಗೆಯುವ ಕೂಲಿಯವರಿಗೆ ಇದನ್ನು ಮೊದಲೇ ಹೇಳಿ, ಬಾಂದು ಕಲ್ಲಿನ ಸುತ್ತ ಸುಣ್ಣ ಹಾಕಿಡಿ.

ಪ್ರಶ್ನೆ: ಗೋದಾಮಿಗೆ ಚೈನ್‌ಲಿಂಕ್ ಹಾಕಿಸಿ, ಒಳಗಿನದ್ದು ಕಾಣದಿರಲೆಂದು ಹಸಿರು ನೆಟ್ ಕಟ್ಟಿದ್ದೆವು. ಆಷಾಢದ ಗಾಳಿಗೆ ಒಂದು ಬದಿ ಪೂರ್ತಿ ಮಲಗಿತು. ಈಗ ಪ್ರೀಕಾಸ್ಟ್ ಕಾಂಪೌಂಡ್ ಹಾಕಿಸುವುದು ಒಳ್ಳೆಯದೇ? — ಗೋದಾಮು ಮಾಲೀಕರು, ದಾಬಸ್‌ಪೇಟೆ

ಬರೀ ಮೆಶ್ ಆಗಿದ್ದರೆ ಗಾಳಿ ಹಾದುಹೋಗುತ್ತಿತ್ತು. ನೆಟ್ ಕಟ್ಟಿದ ಕೂಡಲೇ ಅದೇ ಬೇಲಿ ದೋಣಿಯ ಹಾಯಿಯಂತಾಯಿತು. ಆ ಒತ್ತಡಕ್ಕೆ ಎಂಟಡಿ ಅಂತರದ ತೆಳು ಆಂಗಲ್ಲು, ಒಂದೂವರೆ ಅಡಿ ಗುಣಿ ತಡೆಯುವುದಿಲ್ಲ. ಸಪೋರ್ಟುಗಳು ಬೇಲಿಯ ಸಾಲಿನ ನೇರಕ್ಕೆ ಮಾತ್ರ ಇರುವುದರಿಂದ ಅಡ್ಡಗಾಳಿಗೆ ಅವು ಉಪಯೋಗಕ್ಕೆ ಬರುವುದಿಲ್ಲ. ನೆಟ್ ಬೇಕೇ ಬೇಕಾದರೆ ಕಂಬದ ಅಂತರ 6 ಅಡಿಗೆ ಇಳಿಸಿ, ಗುಣಿ ಎರಡೂವರೆ ಅಡಿ ಮಾಡಿ, ಎರಡು ಕಂಬಕ್ಕೊಂದು ಸಪೋರ್ಟನ್ನು ಒಳಮುಖವಾಗಿ ಅಡ್ಡಕ್ಕೆ ಕೊಡಿಸಿ.

ಮರೆಯೂ ಬೇಕು, ಹತ್ತಾರು ವರ್ಷ ನಿಲ್ಲಬೇಕು ಅನ್ನುವ ಗೋದಾಮಿಗೆ ಪ್ರೀಕಾಸ್ಟ್ ಸರಿಯಾದ ಆಯ್ಕೆ. ಗಾಡಿ, ಅಂದರೆ ಚಪ್ಪಡಿ ಕೂರುವ ಉದ್ದನೆಯ ಸೀಳು, ಇರುವ ಕಂಬ ನೆಟ್ಟು, ಒಂದಡಿ ಎತ್ತರ, ಎರಡಿಂಚು ದಪ್ಪದ ಚಪ್ಪಡಿಗಳನ್ನು ಮೇಲಿಂದ ಗಾಡಿಯೊಳಗೆ ಇಳಿಸುತ್ತಾ ಬರುವ ಕೆಲಸ ಅದು. ಇಲ್ಲಿ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಕಂಬ ಕೂಡಿಸುವಾಗ ಅಂತರ ಒಂದಿಂಚು ಹೆಚ್ಚಾದರೆ ಚಪ್ಪಡಿ ಗಾಡಿಯ ಅಂಚಿನಲ್ಲಷ್ಟೇ ನಿಂತಿರುತ್ತದೆ, ಕಂಬ ಸ್ವಲ್ಪ ಅದುರಿದರೆ ಕಳಚಿ ಬೀಳುತ್ತದೆ. ಆದ್ದರಿಂದ ಕಂಬದ ಕಾಂಕ್ರೀಟ್ ಹಸಿಯಿರುವಾಗಲೇ ಕೆಳಗಿನ ಚಪ್ಪಡಿಯನ್ನು ಇಳಿಸಿ ಅಂತರ ಖಚಿತ ಮಾಡಿಕೊಳ್ಳಬೇಕು. ಎರಡನೆಯದು ಇನ್ನೂ ಅಪಾಯದ್ದು: ಒಳಗಡೆ ಮಣ್ಣು ತುಂಬಿಸಿ ಮಟ್ಟ ಏರಿಸುವುದು. ಪ್ರೀಕಾಸ್ಟ್ ಕಾಂಪೌಂಡ್ ಮಣ್ಣು ತಡೆಯುವ ಗೋಡೆಯಲ್ಲ. ಎರಡಡಿ ಮಣ್ಣು ಒರಗಿಸಿದರೂ, ಅದು ಮಳೆನೀರು ಕುಡಿದಾಗ, ಗೋಡೆ ರಸ್ತೆಗೆ ಬೀಳುತ್ತದೆ. ಮಟ್ಟದ ವ್ಯತ್ಯಾಸವಿರುವ ಕಡೆ ಮೊದಲು ಸೈಜುಗಲ್ಲಿನ ತಡೆಗೋಡೆ ಕಟ್ಟಿಸಿ, ಅದರ ಮೇಲೆ ಬೇಲಿ ತನ್ನಿ. ನೀರು ಹರಿದುಹೋಗಲು ಕೆಳಗಿನ ಚಪ್ಪಡಿಯಲ್ಲಿ ಅಲ್ಲಲ್ಲಿ ತೂತುಗಳನ್ನು ಮೊದಲೇ ಬಿಡಿಸಿ.

ನಲವತ್ತಡಿ ಕಂಟೇನರ್ ಗಾಡಿಗಳು ಬರುವುದಾದರೆ ಗೇಟು 20 ಅಡಿಗಿಂತ ಕಡಿಮೆ ಇಡಬೇಡಿ, ರಸ್ತೆ ಕಿರಿದಾಗಿದ್ದರೆ ಇನ್ನೂ ಹೆಚ್ಚು ಬೇಕು. ಜಾರುವ ಗೇಟಾದರೆ ಪಕ್ಕಕ್ಕೆ ಸರಿಯಲು ಅಷ್ಟೇ ಉದ್ದದ ನೇರ ಜಾಗ ಬೇಕು. ಕಾಂಪೌಂಡ್ ಎಲ್ಲ ಮುಗಿದ ಮೇಲೆ ಗೇಟಿನ ಯೋಚನೆ ಮಾಡಿದರೆ ಆ ಜಾಗದಲ್ಲಿ ಕಾವಲುಗಾರನ ಕೋಣೆಯೋ ಟ್ರಾನ್ಸ್‌ಫಾರ್ಮರೋ ಬಂದು ಕೂತಿರುತ್ತದೆ.

ಪ್ರಶ್ನೆ: ಕಾಡುಹಂದಿ ಕಾಟ ತಡೆಯಲಾಗುತ್ತಿಲ್ಲ. ಪಕ್ಕದವರು ರಾತ್ರಿ ಹೊತ್ತು ಪಂಪ್‌ಸೆಟ್ಟಿನ ಲೈನಿನಿಂದಲೇ ತಂತಿಗೆ ಕರೆಂಟ್ ಕೊಡುತ್ತಾರೆ. ನಾವೂ ಹಾಗೆ ಮಾಡಬಹುದಾ? — ನಂದಿ ಬೆಟ್ಟದ ತಪ್ಪಲಿನ ರೈತರು

ಖಂಡಿತ ಬೇಡ. ಪಕ್ಕದವರನ್ನೂ ಇವತ್ತೇ ಹೋಗಿ ತಡೆಯಿರಿ. ಆ ತಂತಿ ಮುಟ್ಟಿದವರ ಕೈ ಬಿಡಿಸಿಕೊಳ್ಳಲಾಗುವುದಿಲ್ಲ. ಸಾಯುವುದು ಹಂದಿಯಷ್ಟೇ ಅಲ್ಲ, ನಸುಕಿನಲ್ಲಿ ನೀರು ಹಾಯಿಸಲು ಬಂದ ಮನೆಯವರು, ಹಸು ಹುಡುಕಿಕೊಂಡು ಬಂದ ಮಕ್ಕಳು ಇಂಥ ತಂತಿಗೆ ಸಿಕ್ಕಿ ಸತ್ತಿದ್ದಾರೆ. ವಿದ್ಯುತ್ ಕಾಯ್ದೆ, ವನ್ಯಜೀವಿ ಕಾಯ್ದೆ ಎರಡರಡಿಯೂ ಇದು ಅಪರಾಧ. ಮನುಷ್ಯರು ಸತ್ತರೆ ಜೈಲು.

ಸೋಲಾರ್ ಬೇಲಿ ಬೇರೆಯೇ. ಅದನ್ನು ಕೆಲವು ಕಡೆ ಐಬೆಕ್ಸ್ ಬೇಲಿ ಅಂತಲೂ ಕರೆಯುತ್ತಾರೆ. ಅದರ ಎನರ್ಜೈಸರ್ 12 ವೋಲ್ಟ್ ಬ್ಯಾಟರಿಯಿಂದ ಸೆಕೆಂಡಿಗೊಮ್ಮೆ, ಕಣ್ಣುಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಕೆಲವು ಸಾವಿರ ವೋಲ್ಟಿನ ತಟ್ಟು ಕೊಡುತ್ತದೆ. ವೋಲ್ಟು ಹೆಚ್ಚು, ಶಕ್ತಿ ಕಡಿಮೆ, ನಡುವೆ ಬಿಡುವು. ಆ ಬಿಡುವಿನಲ್ಲಿ ಪ್ರಾಣಿ ಹಿಂದೆ ಸರಿಯುತ್ತದೆ. ಹಂದಿಗೆ ನೆಲದಿಂದ 8, 16, 24 ಇಂಚಿಗೆ ಮೂರು ಸಾಲು ನುಣುಪಾದ ಜಿಐ ತಂತಿ ಸಾಕು. ಮುಳ್ಳುತಂತಿಗೆ ಎಂದೂ ಈ ಕರೆಂಟ್ ಕೊಡಬಾರದು, ಸಿಕ್ಕಿಕೊಂಡವರು ಬಿಡಿಸಿಕೊಳ್ಳಲಾರರು.

ಈ ಬೇಲಿ ಕೆಲಸ ಮಾಡುತ್ತಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಅರ್ತಿಂಗ್. ಪ್ರಾಣಿಯ ಮೈಯಿಂದ ನೆಲಕ್ಕಿಳಿದ ಕರೆಂಟು ನೆಲದ ಮೂಲಕವೇ ಯಂತ್ರಕ್ಕೆ ಮರಳಬೇಕು. ನಮ್ಮ ಕೆಂಪು ಗರಸು ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಬಿಡುವುದೇ ಇಲ್ಲ. ಆರಡಿಯ ಮೂರು ಜಿಐ ಪೈಪುಗಳನ್ನು ಹತ್ತಡಿ ಅಂತರದಲ್ಲಿ ಹೊಡೆದು ಒಂದಕ್ಕೊಂದು ಜೋಡಿಸಿ, ನೀರು ಬೀಳುವ ಜಾಗ ಆರಿಸಿಕೊಳ್ಳಿ. ಮನೆಯ ಅಥವಾ ಪಂಪ್‌ಸೆಟ್ಟಿನ ಅರ್ತಿನಿಂದ ಕನಿಷ್ಠ 10 ಮೀಟರ್ ದೂರವಿರಲಿ. ಕಡು ಬೇಸಿಗೆಯಲ್ಲಿ ನಡುವಿನ ಸಾಲನ್ನು ಅರ್ತಿಗೆ ಜೋಡಿಸಿದರೆ ಒಣ ನೆಲದಲ್ಲೂ ತಟ್ಟು ಸಿಗುತ್ತದೆ. ಎರಡನೇ ಕಾರಣ ಹುಲ್ಲು. ಹಸಿ ಹುಲ್ಲು ಕೆಳಸಾಲಿಗೆ ತಾಗಿದಷ್ಟೂ ಶಕ್ತಿ ಸೋರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೊಯ್ಯಲೇಬೇಕು. ದಾರಿಯ ಬದಿಯಲ್ಲಿ ಎಚ್ಚರಿಕೆ ಫಲಕ ಕಡ್ಡಾಯವಾಗಿ ಹಾಕಿ. ಸಹಾಯಧನದ ಬಗ್ಗೆ ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ ನೋಡಿ.

ಪ್ರಶ್ನೆ: ದ್ರಾಕ್ಷಿ ಚಪ್ಪರದ ಅಂಚಿನ ಕಲ್ಲುಗಳು ಹೇಗೂ ಇವೆ. ಅವಕ್ಕೇ ಬೇಲಿ ತಂತಿ ಕಟ್ಟಬಹುದೇ? — ದೊಡ್ಡಬಳ್ಳಾಪುರ

ಬೇಡ. ಫಸಲು ತುಂಬಿದಾಗ ಚಪ್ಪರದ ಭಾರವೇ ಆ ಕಲ್ಲುಗಳನ್ನು ಒಳಕ್ಕೆ ಜಗ್ಗುತ್ತಿರುತ್ತದೆ. ಬೇಲಿಯ ಎಳೆತವೂ ಸೇರಿದರೆ ಒಂದು ಮೂಲೆ ಸಡಿಲವಾದ ದಿನ ಚಪ್ಪರವೂ ಇಳಿಯುತ್ತದೆ. ಬೇಲಿಯನ್ನು ಚಪ್ಪರದ ಲಂಗರು ಕಲ್ಲುಗಳ ಆಚೆಗೆ, ಔಷಧಿ ಹೊಡೆಯುವ ಟ್ರಾಕ್ಟರ್ ತಿರುಗುವಷ್ಟು ಜಾಗ ಬಿಟ್ಟು ಹಾಕಿಸಿ.

ಪ್ರಶ್ನೆ: ತಂತಿ ಬದಲು ಹಸಿರು ಬೇಲಿ ಬೆಳೆಸಿದರೆ ಆಗದೇ? — ವಿದ್ಯಾರ್ಥಿನಿ, ವಿಜಯಪುರ, ದೇವನಹಳ್ಳಿ ತಾಲ್ಲೂಕು

ಆಗುತ್ತದೆ, ಕಾಯುವ ತಾಳ್ಮೆ ಬೇಕು. ಗೊಬ್ಬರದ ಗಿಡದ ಕೊಂಬೆಗಳನ್ನು ಮುಂಗಾರಿನ ಆರಂಭದಲ್ಲಿ ಒಂದೂವರೆ ಅಡಿಗೊಂದು ನೆಟ್ಟರೆ ಬೇಗ ಹತ್ತಿಕೊಳ್ಳುತ್ತವೆ, ಸೊಪ್ಪೂ ಸಿಗುತ್ತದೆ. ಕತ್ತಾಳೆಗೆ ನೀರೇ ಬೇಡ. ಗಿಡ ಗಟ್ಟಿಯಾಗುವ ತನಕ ದನ ತಿನ್ನದಂತೆ ಎರಡು ಸಾಲು ತಂತಿ ಇರಲೇಬೇಕು. ಲಂಟಾನ ಮಾತ್ರ ತರಬೇಡಿ, ಅದು ಬೇಲಿಯಲ್ಲಿ ನಿಲ್ಲದೆ ಹೊಲಕ್ಕೆಲ್ಲ ಹಬ್ಬುತ್ತದೆ.

ಪ್ರಶ್ನೆ: ಕೊಟೇಷನ್ನಿನಲ್ಲಿ ಏನೇನು ಬರೆಸಿಕೊಳ್ಳಬೇಕು? — ನೆಲಮಂಗಲ

ಕಂಬದ ಉದ್ದ ಮತ್ತು ದಪ್ಪ, ಗುಣಿಯ ಆಳ, ಕಂಬದ ಅಂತರ, ಸಪೋರ್ಟುಗಳ ಸಂಖ್ಯೆ, ತಂತಿಯ ದಪ್ಪ ಮಿಲಿಮೀಟರಿನಲ್ಲಿ, ಸಾಲುಗಳ ಸಂಖ್ಯೆ, ಕಾಂಕ್ರೀಟಿನ ಪ್ರಮಾಣ, ಯಾವ ಯಾವ ಗುಣಿಗೆ ಕಾಂಕ್ರೀಟ್ ಅನ್ನುವುದು. ಜಾಲಿ ಕಡಿದು ಸಾಲು ಬಿಡಿಸುವುದು ಯಾರ ಖರ್ಚು, ಬಂಡೆ ಸಿಕ್ಕರೆ ಹೆಚ್ಚುವರಿ ಎಷ್ಟು, ಸಾಗಣೆ ಮತ್ತು ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅನ್ನುವುದನ್ನೂ ಬರೆಸಿ. ಜಗಳ ಶುರುವಾಗುವುದು ಸಾಮಾನ್ಯವಾಗಿ ಈ ಕೊನೆಯ ಮೂರರಿಂದ. ಹಣವನ್ನು ಮಾಲು ಇಳಿದಾಗ, ಕಂಬ ನೆಟ್ಟಾಗ, ತಂತಿ ಬಿಗಿದಾಗ ಎಂದು ಭಾಗ ಮಾಡಿ ಕೊಡಿ. ಗುಣಿಗಳಿಗೆ ಕಂಬ ಇಳಿಸುವ ಮೊದಲು ನೀವೇ ಒಂದು ಕೋಲಿಗೆ ಎರಡಡಿ, ಮೂರಡಿ ಗುರುತು ಹಾಕಿಕೊಂಡು ಎಲ್ಲವನ್ನೂ ಅಳೆಯಿರಿ. ಮುಚ್ಚಿದ ಮೇಲೆ ಆಳ ಯಾರಿಗೂ ಕಾಣುವುದಿಲ್ಲ.

ಪ್ರಶ್ನೆ: ಮನೆಯ ಎರಡು ಬಾಗಿಲಿನ ಕಬ್ಬಿಣದ ಗೇಟು ನೆಲಕ್ಕೆ ಉಜ್ಜುತ್ತಿದೆ. ಹಿಂಜು ಎರಡು ಸಲ ಬದಲಾಯಿಸಿದ್ದಾಯಿತು. — ಹೊಸಕೋಟೆ

ಹಿಂಜಿನದ್ದಲ್ಲ, ಕಂಬಗಳು ಒಂದರ ಕಡೆಗೊಂದು ವಾಲಿವೆ. ಎರಡು ಕಂಬಗಳ ನಡುವಿನ ಅಂತರವನ್ನು ಬುಡದಲ್ಲೊಮ್ಮೆ, ತಲೆಯಲ್ಲೊಮ್ಮೆ ಅಳೆಯಿರಿ. ತಲೆಯಲ್ಲಿ ಕಡಿಮೆ ಬಂದರೆ ಅದೇ ಕಾರಣ. ಕಂಬಗಳನ್ನು ನೇರ ಮಾಡಿ, ಬುಡದಿಂದ ಬುಡಕ್ಕೆ ಗೇಟಿನ ಕೆಳಗೆ ಒಂದಡಿ ಆಳದಲ್ಲಿ 9 ಇಂಚು ಚೌಕದ ಕಾಂಕ್ರೀಟ್ ತೊಲೆ ಹಾಕಿಸಿ, ಒಳಗೆ 10 ಮಿಲಿಮೀಟರಿನ ನಾಲ್ಕು ಕಂಬಿ ಇರಲಿ. ಗೇಟು ಜಗ್ಗಿದಾಗ ಕಂಬದ ಬುಡ ಸರಿಯದಂತೆ ಅದು ಹಿಡಿದಿಡುತ್ತದೆ. ಹದಿನಾಲ್ಕು ದಿನ ಆರುವ ತನಕ ಗೇಟನ್ನು ಕಂಬಕ್ಕೆ ತೂಗುಹಾಕಬೇಡಿ, ಗೋಡೆಗೆ ಒರಗಿಸಿಡಿ.